ಯಾರೂ ಇಲ್ಲದ ಮುದುಕನ ಪುಸ್ತಕ

ಸೀಮೆಎಣ್ಣೆ ರೇಶನ್ನಿಗೆ ಬಂದ ವರ್ಷ, ಮಾಸೂರಿನ ಬಸವಣ್ಣೆಪ್ಪನ ಹೊಟ್ಟೆಯಲ್ಲಿ ಮಾತ್ರ ಎಣ್ಣೆ ಇಲ್ಲದೆಯೇ ಬೆಂಕಿ ಉರಿಯುತ್ತಿತ್ತು. ಕಾರಣ, ಎದುರು ಮನೆಯಲ್ಲಿ ಒಬ್ಬರೇ ಇದ್ದ ಗಂಗಾಬಾಯಿಯವರ ಚಿತ್ರದ ಪುಸ್ತಕ. ಅದರಲ್ಲಿ ಹುಲಿ, ಆನೆ, ರೈಲುಗಾಡಿ ಎಲ್ಲ ಇದ್ದವು. ಅಜ್ಜನ ತೊಡೆ ಬಿಟ್ಟು ಏಳದಿದ್ದ ಪುಟ್ಟ ಮೊಮ್ಮಗಳು ಸರೋಜವ್ವ ಈಗ ಸಂಜೆಯಾದರೆ ಆ ಮನೆಗೆ ಓಡುತ್ತಿದ್ದಳು. ಗಂಗಾಬಾಯಿ ಹುಲಿಯಂತೆ ಗುರುಗುಟ್ಟಿದಾಗಲೆಲ್ಲ ಹುಡುಗಿಯ ನಗು ಓಣಿ ದಾಟಿ ಬಂದು ಬಸವಣ್ಣೆಪ್ಪನ ಕಿವಿಗೆ ಜಾಲಿಮುಳ್ಳಿನಂತೆ ಚುಚ್ಚುತ್ತಿತ್ತು.

ಭತ್ತ ಮಾರಲು ಹಾನಗಲ್ಲಿಗೆ ಹೋದವನು ರಟ್ಟಿನ ಬಣ್ಣ ನೋಡಿಯೇ ತಾನೂ ಒಂದು ಚಿತ್ರದ ಪುಸ್ತಕ ಕೊಂಡುತಂದ. ಮನೆಯಲ್ಲಿ ಬಿಚ್ಚಿದರೆ ಹುಲಿಯಿಲ್ಲ, ಆನೆಯಿಲ್ಲ. ಕಟ್ಟೆಯ ಮೇಲೊಬ್ಬ ಮುದುಕ, ಕಿಟಕಿಯಲ್ಲಿ ಅದೇ ಮುದುಕ, ಖಾಲಿ ತಟ್ಟೆಯ ಮುಂದೆಯೂ ಅವನೇ. ಅಕ್ಷರವೋ ಮರಾಠಿ. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದ ಬಸವಣ್ಣೆಪ್ಪ ಮುಖ ಹುಳ್ಳಗೆ ಮಾಡಿ ಕೂತ. ಆಮೇಲೆ ಮೀಸೆಯಲ್ಲೇ ನಕ್ಕ. ಇಂಥ ಮುದುಕನನ್ನು ಕಂಡ ಕೂಸು ತನ್ನ ಅಜ್ಜನನ್ನು ಬಿಟ್ಟು ಹೋದೀತೆ?

ಸಂಜೆ ಹೊಸ್ತಿಲು ದಾಟುತ್ತಿದ್ದವಳನ್ನು ಕರೆದು ಕಟ್ಟೆಯ ಮೇಲೆ ಕೂರಿಸಿಕೊಂಡ.

"ಈ ಅಜ್ಜ ಯಾಕ ಅಳಾಕತ್ತಾನ?" ಎಂದಳು ಸರೋಜವ್ವ.

"ಅವನ ಮೊಮ್ಮಗಳು ದಿನಾ ಮಂದಿ ಮನಿಗೆ ಹೋಗ್ತಾಳವ್ವಾ. ಇವನ ಕೂಡ ಮಾತಾಡವ್ರು ಯಾರೂ ಇಲ್ಲ."

"ತಾಟಿನ್ಯಾಗೂ ಏನೂ ಇಲ್ಲಲ್ಲ?"

ಬಸವಣ್ಣೆಪ್ಪನಿಗೆ ಹುರುಪು ಬಂತು. ದನಿ ನಡುಗಿಸಿದ. "ಯಾರು ನೀಡ್ತಾರ ಮುದುಕಗ? ಸೊಸಿ ಒಂದು ತುತ್ತು ಹಾಕೂದಿಲ್ಲ. ಕೆಮ್ಮಿದ್ರ ನೀರು ಕೊಡವ್ರಿಲ್ಲ."

ಹುಡುಗಿ ಬಿಕ್ಕಿದಳು. ಅಷ್ಟರಲ್ಲಿ ನೀರು ಹೊತ್ತು ಬರುತ್ತಿದ್ದ ಪಕ್ಕದ ಮನೆಯ ಹೊಳೆವ್ವ ಆ ಮಾತು ಕೇಳಿ ಕೊಡ ಇಳಿಸಿಬಿಟ್ಟಳು.

"ಅಲ್ಲೋ ಯಣ್ಣಾ, ಇಷ್ಟು ದಿವಸ ಯಾಕ ಹೇಳಲಿಲ್ಲ? ನಿನ್ನ ಸೊಸಿ ಮಂಜವ್ವ ಹಂತಾಕಿ ಅಂತ ನಮಗ ಗೊತ್ತ ಇದ್ದಿಲ್ಲ."

"ಇದು ಪುಸ್ತಕದಾಗಿನ ಮುದುಕನ ಮಾತವಾ."

"ಮುಚ್ಚಿಡಬ್ಯಾಡ. ನಿನ್ನ ಮಾರಿ ನೋಡಿದ್ರ ತಿಳೀತೈತಿ."

ಹೊಳೆವ್ವನ ದನಿಗೆ ಓಣಿಯ ಹೆಂಗಸರೆಲ್ಲ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಕಟ್ಟೆಗೆ ಮುತ್ತಿದರು. ಹುಸೇನಬಿ ಬಿಸಿ ರೊಟ್ಟಿಯನ್ನು ಅವನ ಕೈಗೇ ತುರುಕಿದಳು. ಗದ್ದಲ ಕೇಳಿ ಸೊಸೆ ಮಂಜವ್ವ ಹಿಟ್ಟಿನ ಕೈಯಲ್ಲೇ ಹೊರಬಂದಳು.

"ಮಾವಾರ, ಮಧ್ಯಾಹ್ನ ಮೂರು ರೊಟ್ಟಿ ತಿಂದು ಮ್ಯಾಲೆ ಅನ್ನ ಸಾರು ಉಂಡವ್ರು ಯಾರ್ರಿ? ಪುಸ್ತಕದಾಗಿನ ಮುದುಕನೇನ್ರಿ?"

"ಬೈಬ್ಯಾಡ ಬಿಡವಾ. ವಯಸ್ಸಾದವ್ರು, ಉಂಡದ್ದು ಮರೀತಾರ" ಎಂದಳು ಹುಸೇನಬಿ.

ಈ ಗಲಾಟೆಯಲ್ಲಿ ಸರೋಜವ್ವ ಕಣ್ಣೊರೆಸಿಕೊಂಡು, ಪುಸ್ತಕ ಕಂಕುಳಲ್ಲಿಟ್ಟು ಕಟ್ಟೆ ಇಳಿದಳು.

"ಎಲ್ಲಿಗೆ ಹೊಂಟಿ?" ಎಂದ ಬಸವಣ್ಣೆಪ್ಪ.

"ಗಂಗಾಬಾಯಾರ ಮನಿಗೆ."

"ಆ ಮುದುಕನ್ನ ನೋಡಿ ನಿನ್ನ ಕರುಳು ಚುರ್ ಅನ್ನಲಿಲ್ಲೇನು?"

"ಅಂತು ಅಜ್ಜಾ. ಅದಕ್ಕ ಹೊಂಟೇನಿ." ಹುಡುಗಿ ತುಂಬಿದ ಕಟ್ಟೆಯನ್ನೊಮ್ಮೆ ನೋಡಿದಳು. "ನಿನಗ ಇಷ್ಟು ಮಂದಿ ಅದಾರ. ಬಾಯಾರು ಒಬ್ಬರೇ ಇರ್ತಾರ. ಇನ್ನ ಮ್ಯಾಲೆ ನಾ ರಾತ್ರಿನೂ ಅಲ್ಲೇ ಮಲಕೊಂತೇನಿ."

ಬಸವಣ್ಣೆಪ್ಪ ದಡಬಡಿಸಿ ಏಳಹೋದ. ಹೊಳೆವ್ವ ಅವನ ಹೆಗಲು ಹಿಡಿದು ಕೂರಿಸಿದಳು.

"ನೀ ಕುಂದ್ರೋ ಯಣ್ಣಾ. ಇವತ್ತಿನಿಂದ ದಿನಾ ಸಂಜಿಕೆ ನಾವೆಲ್ಲಾರೂ ಬಂದು ನಿನ್ನ ಕೂಡ ಕುಂದರ್ತೇವಿ."