ನಮ್ಮ ಫ್ರಿಜ್ಜಿನ ಆಯುಧಪೂಜೆ

ಮುಂಬೈ ಘಾಟ್ಕೋಪರಿನ ನಮ್ಮ ವೃದ್ಧಾಶ್ರಮಕ್ಕೆ ಯಾರೋ ಪುಣ್ಯಾತ್ಮರು ಫ್ರಿಜ್ ದಾನ ಕೊಟ್ಟ ದಿನವೇ ನಾನು ಘೋಷಿಸಿದೆ: "ಇನ್ನು ಮೇಲೆ ಇಲ್ಲಿನ ಹನ್ನೆರಡು ಮಂದಿ ಹಿರಿಯರ ಹೊಟ್ಟೆಗೆ ನಾನೇ ಜವಾಬ್ದಾರ!" ಮ್ಯಾನೇಜರನಲ್ಲವೇ! ಫ್ರಿಜ್ಜಿನ ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡೆ. ಅಡುಗೆಯವಳು ನನ್ನ ಹೆಂಡತಿ ವಾರಿಜಾ. ಒಂದು ಲೋಟ ಹಾಲು ಬೇಕಾದರೂ ಅವಳು ನನ್ನನ್ನೇ ಕರೆಯಬೇಕು. ಹದಿನೈದು ವರ್ಷದ ಸಂಸಾರದಲ್ಲಿ ನನಗೆ ಇಷ್ಟು ಅಧಿಕಾರ ಸಿಕ್ಕಿದ್ದು ಅದೇ ಮೊದಲು!

ಆಯುಧಪೂಜೆ ಬಂತು. ನಮ್ಮ ಉಡುಪಿಯ ಕಡೆ ಪೂಜೆಗಿಟ್ಟ ಕತ್ತರಿಯನ್ನೂ ಆ ದಿನ ಮುಟ್ಟುವುದಿಲ್ಲ. ಆರು ತಿಂಗಳಿಂದ ಬಿಡುವಿಲ್ಲದೆ ಗುರುಗುಟ್ಟುತ್ತ ದುಡಿದ ಫ್ರಿಜ್ಜನ್ನು ಅವತ್ತೂ ದುಡಿಸುವುದೇ? ಛೆ! ಅರಸಿನ ಕುಂಕುಮ ಹಚ್ಚಿದೆ, ಗೊಂಡೆಹೂವಿನ ಮಾಲೆ ಹಾಕಿದೆ, ಆರತಿ ಎತ್ತಿದೆ. ಕೊನೆಗೆ ಪರಮ ಭಕ್ತಿಯಿಂದ ಸ್ವಿಚ್ ಆರಿಸಿದೆ! ಒಳಗೆ ಮರುದಿನದ ಊಟಕ್ಕೆಂದು ವಾರಿಜಾ ಮಾಡಿಟ್ಟ ಹಾಲುಪಾಯಸವಿತ್ತು.

"ಇದೆಂತ ಮಾರಾಯ್ರೆ, ಇದರ ಸ್ವರವೇ ಇಲ್ಲ?" ಎಂದಳು ಸಂಜೆ.

"ಪೂಜೆಯ ಪ್ರಭಾವ! ಶಾಂತವಾಗಿದೆ."

ಮರುದಿನ ಮಧ್ಯಾಹ್ನ ಎಲೆ ಹಾಕಿ ಆಗಿತ್ತು. ಬಿಜಾಪುರದ ರಾಚವ್ವಜ್ಜಿ ಎಲೆಯ ಮುಂದಿನಿಂದಲೇ ಕೂಗಿದರು: "ಸಾಹೇಬ್ರ, ಪಾಯಸಾ ಲಗೂನ ತರ್ರೀ! ವರ್ಷಕ್ಕೊಮ್ಮೆ ಸಿಗೂದು."

ಠೀವಿಯಿಂದ ಬಾಗಿಲು ತೆರೆದೆ. ಅಬ್ಬಬ್ಬಾ, ಏನು ವಾಸನೆ! ಪಾಯಸ ಒಡೆದು, ಹುಳಿಯಾಗಿ, ನೊರೆ ಬಂದಿತ್ತು. ವಾರಿಜಾಳ ಕಣ್ಣು ನೇರವಾಗಿ ಸ್ವಿಚ್ಚಿನ ಮೇಲೆ ಹೋಯಿತು.

"ಒಂದು ಕುದಿ ಕುದಿಸಿದರೆ ಸರಿಹೋಗುತ್ತದೆ," ಎಂದೆ ಮೆಲ್ಲಗೆ.

ಅವಳು ಸೌಟು ತುಂಬಿಸಿ ನನ್ನ ಮುಂದೆ ಹಿಡಿದಳು. "ಹಾಗಾದ್ರೆ ಮೊದಲು ನೀವು ಕುಡೀರಿ. ಅಲ್ಲಿ ಕೂತವರಿಗೆ ಎಪ್ಪತ್ತು ಎಂಬತ್ತು ವರ್ಷ ಆಯ್ತು. ಒಮ್ಮೆ ಭೇದಿ ಹಿಡಿದ್ರೆ ಮತ್ತೆ ಏಳ್ತಾರಾ?"

ನನಗೆ ನಿಜಕ್ಕೂ ನಾಚಿಕೆಯಾಯಿತು. ಪಾಯಸವನ್ನು ನಾನೇ ಮೋರಿಗೆ ಸುರಿದೆ. ಅವಳು ಬೇರೆ ಪಾಯಸಕ್ಕೆಂದು ಕಡಲೆಬೇಳೆ ಬೇಯಲು ಇಟ್ಟಳು. ಮ್ಯಾನೇಜರು ನೆಲದ ಮೇಲೆ ಕುಳಿತು ತೆಂಗಿನಕಾಯಿ ತುರಿದರು!

ಕಾದು ಸಾಕಾದ ರಾಚವ್ವಜ್ಜಿ ಅಡುಗೆಮನೆಗೇ ಬಂದರು. ಸಂಗತಿ ಕೇಳಿ, ಫ್ರಿಜ್ಜಿನ ಬಾಡಿದ ಮಾಲೆ ತೆಗೆದು ನನ್ನ ಕೊರಳಿಗೆ ಹಾಕಿದರು. "ಚಲೋ ಆತು ಬಿಡ್ರೀ. ನಮ್ಮ ಹೊಟ್ಟಿ ಉಳೀತು!"

ವಾರಿಜಾ ನನ್ನ ಜನಿವಾರದಿಂದ ಕೀಲಿಕೈ ಬಿಚ್ಚಿಕೊಂಡಳು. ಆಮೇಲೆ ಫ್ರಿಜ್ಜಿನ ಮೇಲಿದ್ದ ಕುಂಕುಮವನ್ನು ಬೆರಳಲ್ಲಿ ತೆಗೆದು ನನ್ನ ಹಣೆಗಿಟ್ಟಳು.

"ಮುಂದಿನ ವರ್ಷ ಪೂಜೆಯ ದಿನ ಅದು ಕೆಲಸ ಮಾಡ್ಲಿ. ಮಾಲೆ ಹಾಕಿಕೊಂಡು ಸುಮ್ಮನೆ ಕೂತ್ಕೊಳ್ಳುವುದು ನೀವು!"