ಐದೇ ಐದು ಪ್ರತಿಧ್ವನಿ

ಮೊದಲೇ ಒಪ್ಪಿಕೊಳ್ಳುತ್ತೇನೆ: ಪ್ರಶ್ನೆಪತ್ರಿಕೆ ತೆಗೆದವನು ನಾನು, ಉತ್ತರ ಬರೆದವನು ನಾನು, ತಿದ್ದಿದವನೂ ನಾನೇ. ನೂರಕ್ಕೆ ನೂರು ಬಂತೆಂದು ಧನಕವಡಿ ಬಡಾವಣೆಯ ನಮ್ಮ ಬಿಲ್ಡಿಂಗಿನಲ್ಲೆಲ್ಲ ಪೇಡೆ ಹಂಚಿದವನೂ ನಾನೇ!

ನನ್ನ ಎಂ.ಇ. ಪ್ರಾಜೆಕ್ಟಿನ ಕಥೆ ಇದು. ಮೊಬೈಲ್ ಸಿಗ್ನಲ್ ಒಂದೇ ದಾರಿಯಲ್ಲಿ ಬರುವುದಿಲ್ಲ. ಅವ್ವ ಮೂರನೇ ಮಹಡಿಯಿಂದ “ಗುಂಡ್ಯಾ, ಹಾಲು ತೊಗೊಂಡು ಬಾರೋ!” ಎಂದು ಕೂಗಿದರೆ ಅದು ಒಮ್ಮೆ ನೇರವಾಗಿ, ಒಮ್ಮೆ ಎದುರಿನ ಗೋಡೆಗೆ ಬಡಿದು, ಇನ್ನೊಮ್ಮೆ ನೀರಿನ ಟಾಕಿಗೆ ಬಡಿದು ಕಿವಿಗೆ ಬೀಳುತ್ತದಲ್ಲ, ಹಾಗೆ. ಈ ದಾರಿಗಳನ್ನೆಲ್ಲ ಸೇರಿಸಿ ಚಾನೆಲ್ ಎನ್ನುತ್ತಾರೆ. (ಸೆಮಿನಾರಿನಲ್ಲಿ ಅವ್ವನ ದನಿಯನ್ನೇ ಅನುಕರಿಸಿ ವಿವರಿಸಿದೆ. ಚಪ್ಪಾಳೆ ಬಿತ್ತು!) ಬರಬಹುದಾದ ಪ್ರತಿಧ್ವನಿ ನೂರಾರು, ನಿಜವಾಗಿ ಬರುವುದು ಕೆಲವೇ. ಆ ಕೆಲವನ್ನು ಪತ್ತೆಹಚ್ಚುವುದೇ ನನ್ನ ಪ್ರೋಗ್ರಾಮಿನ ಕೆಲಸ. ಎಲ್ಲಕ್ಕಿಂತ ಜೋರಾದದ್ದನ್ನು ಹಿಡಿ, ಅದನ್ನು ಕಳೆ, ಉಳಿದುದರಲ್ಲಿ ಜೋರಾದದ್ದನ್ನು ಹಿಡಿ.

ಎಲ್ಲಿಗೆ ನಿಲ್ಲಿಸಬೇಕು? ಕಂಪ್ಯೂಟರಿನಲ್ಲಿ ನಾನೇ ಸೃಷ್ಟಿಸಿದ ಚಾನೆಲ್ಲಿನಲ್ಲಿ ಐದು ಪ್ರತಿಧ್ವನಿ ಇಟ್ಟಿದ್ದೆ. ಹಾಗಾಗಿ “ಐದು ಹಿಡಿದು ತಾ” ಎಂದು ಪ್ರೋಗ್ರಾಮಿಗೆ ಅಪ್ಪಣೆಯಾಯಿತು. ತಂದಿತು. ತಪ್ಪು ಸೊನ್ನೆ!

“ಅವ್ವಾ, ಸೊನ್ನೆ ಬಂತು!”

“ಸೊನ್ನಿ ಬಂದದ್ದಕ್ಕ ಪೇಡೆ ಹಂಚತಾರೇನೋ ಖೋಡಿ? ಪಾಸಾಗಲಿಲ್ಲಂದ್ರ ವಿಮಾನ ನಗರದ ಕಂಪನಿ ನೌಕರಿ ಹೋಗ್ತದ ಅಂತ ನೀನ ಅಂದಿದ್ದಿಯಲ್ಲ!”

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ವೈವಾ, ಅಂದರೆ ಬಾಯಿಪರೀಕ್ಷೆಯ ದಿನ ಅವಲಕ್ಕಿ ತಟ್ಟೆಯಲ್ಲೇ ಬಿಟ್ಟು ಓಡಿದೆ. ನನ್ನ ಗೈಡ್ ಕುಲಕರ್ಣಿ ಸರ್ ಬೇರೆ ಬಾಗಿಲಲ್ಲೇ ಹಿಡಿದರು: “ನೋಡಪಾ, ಪರೀಕ್ಷಾ ತೊಗೊಳ್ಳೋ ಮೇಡಮ್ಮಾರು ಬೆಳಗಾವಿಯವರು, ಭಾಳ ಖಡಕ್. ಗೊತ್ತಿಲ್ಲಂದ್ರ ಗೊತ್ತಿಲ್ರಿ ಅನ್ನು. ಬಾಯಿ ಬಿಟ್ಟಿ, ಮುಗೀತು!”

ಮೇಡಂ ನನ್ನ ಐದು ಪ್ರತಿಧ್ವನಿಗಳನ್ನು ನೋಡಿದರು. ತಲೆದೂಗಿದರು. ನನ್ನ ಜೀವ ಅರ್ಧ ವಾಪಸ್ಸು ಬಂತು. ಆಮೇಲೆ, “ಸ್ವಲ್ಪ ಏಳು” ಎಂದು ನನ್ನ ಕುರ್ಚಿಯಲ್ಲಿ ತಾವೇ ಕೂತು, ಟಕಟಕ ಟೈಪು ಮಾಡಿ, ತಮ್ಮದೇ ಒಂದು ಚಾನೆಲ್ ಮಾಡಿದರು. ಅದರಲ್ಲಿ ಇಟ್ಟದ್ದು ಎರಡೇ ಪ್ರತಿಧ್ವನಿ!

ನನ್ನ ಆಜ್ಞಾಧಾರಕ ಪ್ರೋಗ್ರಾಂ ಎರಡನ್ನೂ ಹಿಡಿಯಿತು. ಅಪ್ಪಣೆ ಐದಕ್ಕಲ್ಲವೇ? ಸಿಗ್ನಲ್ಲಿನ ಜೊತೆ ಬೆರೆತಿರುವ ಬರೀ ಗದ್ದಲದೊಳಗಿಂದ ಇನ್ನೂ ಮೂರನ್ನು ಹೆಕ್ಕಿ, ಅವಕ್ಕೂ ಪ್ರತಿಧ್ವನಿಯ ಪಟ್ಟ ಕಟ್ಟಿ ತಂದು ನಿಲ್ಲಿಸಿತು.

“ಈ ಮೂರು ಎಲ್ಲಿಂದ ಬಂದೂವು?”

ಸರ್ ಫ್ಯಾನ್ ನೋಡತೊಡಗಿದರು. ‘ಗೊತ್ತಿಲ್ರಿ’ ಎಂದಿದ್ದರೆ ಸಾಕಿತ್ತು. ಆದರೆ ಹೆದರಿಕೆಯಾದಾಗ ನನ್ನ ಬಾಯಿಂದ ನನ್ನ ದನಿ ಬರುವುದೇ ಇಲ್ಲ. ಸಾಕ್ಷಾತ್ ಕುಲಕರ್ಣಿ ಸರ್ ದನಿಯೇ ಬಂತು, ಗಂಟಲು ಸರಿಮಾಡಿಕೊಳ್ಳುವ ಸದ್ದಿನ ಸಮೇತ!

“ಹ್ಞಂ… ದೂರದ ಪ್ರತಿಫಲನ ಇರಬೇಕ್ರಿ ಮೇಡಂ. ಊರ ಸುತ್ತ ಗುಡ್ಡ ಅದಾವಲ್ರೀ.”

“ಯಾವ ಗುಡ್ಡ?”

“ಕಾತ್ರಜ್ ಗುಡ್ಡ್ರಿ.”

ಸರ್ ಕಣ್ಣು ಮುಚ್ಚಿಕೊಂಡರು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ತಮ್ಮಾ, ಈ ಚಾನೆಲ್ ಈಗ ನಿನ್ನ ಮುಂದ ಕೂತು ನಾನ ಮಾಡೇನಿ. ಅದರಾಗ ನಾ ಗುಡ್ಡ ಹಾಕಿಲ್ಲ. ಮುಂದಿನ ಟರ್ಮಿಗೆ ಬಾ. ಬರೋವಾಗ ಗುಡ್ಡಾ ಅಲ್ಲೇ ಬಿಟ್ಟು ಬಾ.”