ಹುಲ್ಲಿಲ್ಲದ ದಂಡೆ

ಮಾವ ಹೇಳಿದ್ದು ಮೀನಿನ ಕೊಳದ ದಂಡೆಯ ಹುಲ್ಲನ್ನು ಕುಡುಗೋಲಿನಲ್ಲಿ ಕೊಯ್ಯಲು. ನಾಲ್ಕು ಹಿಡಿ ಕೊಯ್ಯುವಷ್ಟರಲ್ಲಿ ಮನೆಯಳಿಯನ ಸೊಂಟ ಹಿಡಿದುಕೊಂಡಿತು. ಗುಟ್ಟಾಗಿ ಕಳೆ ಔಷಧಿ ತಂದು ಹೊಡೆದ. ಚೊಕ್ಕಟದ ಮನುಷ್ಯ, ಸ್ಪ್ರೇ ಕ್ಯಾನನ್ನು ಕೊಳದಲ್ಲೇ ತೊಳೆದ. ಒಣಗಿದ ಹುಲ್ಲನ್ನು ಗುಡಿಸಿದ ಮೇಲೆ ದಂಡೆ ಆಗಷ್ಟೇ ಕ್ಷೌರ ಮಾಡಿಸಿಕೊಂಡ ಗಲ್ಲದಂತಾಯಿತು. ಮಾವ ಬೆನ್ನು ತಟ್ಟಿದರು.

ಇವತ್ತು ಮಾವ ಪೇಟೆಗೆ ಹೋದ ಮೇಲೆ ಮೇವು ಹಾಕಿದರೆ ಒಂದು ಮೀನೂ ಮೂಸಲಿಲ್ಲ. ಕೆಲವು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಕೆಲವು ಮಗ್ಗುಲಿಗೆ ವಾಲಿ, ಮನೆ ಮರೆತ ಕುಡುಕರಂತೆ ದಂಡೆಗೆ ಮೂತಿ ಗುದ್ದುತ್ತಿದ್ದವು. ಇವು ಸತ್ತರೆ ಕೊಳದ ಉಸ್ತುವಾರಿ ಭಾವಮೈದುನನಿಗೆ ಹೋದಂತೆಯೇ.

"ಜ್ವರ ಇರಬೇಕು, ಹಣೆ ಮುಟ್ಟಿ ನೋಡಿ," ಎಂದ ಬೇಲಿಯಾಚೆಯ ದರ್ಜಿ.

"ನಿನ್ನ ತಲೆ!" ಮಾವನ ಅಕ್ಕ ದೊಡ್ಡತ್ತೆ ಒಂದು ಮೀನೆತ್ತಿ ಕಿವಿರು ಬಿಡಿಸಿದರು. "ಕೆಂಪಗಿರಬೇಕಾದ್ದು ಬಿಳಿಚಿದೆ, ಲೋಳೆ ಬೇರೆ ಕಟ್ಟಿದೆ. ಅಳಿಯಂದಿರೇ, ನೀರಿಗೆ ಏನಾದ್ರೂ ಬಿತ್ತಾ?"

"ಏನೂ ಇಲ್ಲ ಅತ್ತೆ. ನನ್ನ ನೆರಳು ಬಿದ್ದಿರಬಹುದು."

"ಮೊದಲು ಬೇರೆ ನೀರಿಗೆ ಹಾಕಿ!"

ಪಕ್ಕದಲ್ಲೇ ಮೇಷ್ಟ್ರ ಕೊಳ. ಮೇಷ್ಟ್ರು ಶಾಲೆಗೆ ಹೋಗಿದ್ದರು. ಅವರ ಹೆಂಡತಿ ಹೂಂ ಎಂದರು. ಬಲೆ ಕಂಡರೂ ಮೀನುಗಳು ಓಡಲಿಲ್ಲ. ಅಳಿಯ ಬಕೆಟ್ ಹೊತ್ತು ಹೊತ್ತು ಎರಡು ಸಲ ಜಾರಿ ಬಿದ್ದ. ದರ್ಜಿ ಒಂದೊಂದೇ ಮೀನನ್ನು ಹಸುಗೂಸಿನಂತೆ ಎದೆಗವಚಿಕೊಂಡು, "ಹೆದರಬೇಡ ಪುಟ್ಟಾ" ಎನ್ನುತ್ತಾ ಸಾಗಿಸಿದ. ಸಂಜೆಗೆ ಕೊಳ ಖಾಲಿಯಾಯಿತು.

ಮಾವ ಮೇಷ್ಟ್ರ ಜೊತೆಗೇ ಬಂದರು. ಖಾಲಿ ಕೊಳದ ಮುಂದೆ ಎಂಥ ಸುಳ್ಳು ನಿಂತೀತು? ಅಳಿಯ ಎಲ್ಲವನ್ನೂ ಒಪ್ಪಿಕೊಂಡ.

ಮಾವ ಮೀಸೆ ತಿರುವಿದರು. "ಕೆಡಿಸಿದ್ದೂ ನೀವೇ, ಉಳಿಸಿದ್ದೂ ನೀವೇ. ಹೋಗ್ಲಿ, ಕೊಳ ನೀವೇ ನೋಡ್ಕೊಳ್ಳಿ."

ಅಳಿಯನಿಗೆ ಹೋದ ಜೀವ ಬಂತು. ಆದರೆ ಮೇಷ್ಟ್ರ ಮುಖ ಸುಣ್ಣದಂತಾಗಿತ್ತು.

"ನಿಮ್ಮ ದಂಡೆ ನೋಡಿ ಹೊಟ್ಟೆ ಉರೀತು ಕಣ್ರೀ. ಔಷಧಿ ಅಂಗಡಿಯವನ ಬಾಯಿ ಬಿಡಿಸಿ, ನಿನ್ನೆ ನಾನೂ ಹೊಡೆಸಿದೆ."

"ಕ್ಯಾನು?" ಅಳಿಯ ಮೇಷ್ಟ್ರ ಕೊಳದತ್ತ ತಿರುಗಿದ.

"ಕೊಳ ಇರೋವಾಗ ಬೇರೆಲ್ಲಿ ತೊಳೀತಾರೆ?"

ಮಾವ ಬಕೆಟ್ಟನ್ನು ಅಳಿಯನ ಕೈಗಿಟ್ಟರು. "ಯಾರ ದಂಡೆ ಮೇಲಾದ್ರೂ ಹುಲ್ಲು ಉಳಿದಿದೆಯಾ, ಹುಡುಕ್ಕೊಂಡು ಹೋಗಿ. ನಿಮ್ಮ ಭಾವಮೈದುನನನ್ನೂ ಕರ್ಕೊಳ್ಳಿ. ನಾಳೆಯಿಂದ ನೋಡ್ಕೊಳ್ಳೋನು ಅವನೇ ತಾನೇ!"